ಏಳನೇ ತೂತು

ಗೋಕುಲ ರೋಡಿನ ಶೆಡ್ಡು. ಕರೆಂಟಿಲ್ಲ.
ಕೂರಿಗಿಯ ಹಿತ್ತಾಳಿ ಬಿಲ್ಲಿಗೆ ನೀಲಿ ಬಳಿದು
ಮಕ್ತುಮಸಾಬ ಡಿವೈಡರ್ ಊರಿ ಸುತ್ತು ಗೀರಿದ.

“ಆರಾದ್ರ ಸಸಾರ, ಸಾವಂತ್ರಿ.
ಸುತ್ತು ಗೀರಿದ ಅಳತಿ ಹಂಗ ಇಟ್ಟು ಅಂಚಿನ ಮ್ಯಾಲೆ ನಡಸು,
ಆರು ಹೆಜ್ಜಿಗೆ ಹೊಂಟಲ್ಲೇ ಬಂದು ನಿಂದರತೈತಿ.
ಏಳು ಭಾಳ ಹಟಮಾರಿ.”

ಆರು ಚುಕ್ಕಿಯೊಳಗ
ಒಂದು ಬಿಟ್ಟು ಒಂದಕ್ಕ ಗೆರಿ ಎಳದ.
ಆ ಗೆರಿಯ ಅರ್ಧ ಹಿಡಿದು
ಏಳು ಸಲ ನಡಸಿದೆ, ಉಸಿರು ಕಟ್ಟಿ.

ಕಡೀ ಹೆಜ್ಜಿ ಮುಟ್ಟಲಿಲ್ಲ.
ಉಗುರಿನ ಅಂಚಿನಷ್ಟು ಉಳೀತು.

“ಇದು ಯಾರ ತಪ್ಪು?”
“ಏಳೂ ಮಂದೀದು. ಹಂಚು.”

ತಿರುಪು ಕೂದಲೆಳೆ ಸಡಿಲಿಸಿ
ಮತ್ತ ಮೊದಲಿಂದ ಹೊಂಟೆ.

ಅಷ್ಟರಾಗ ಕರೆಂಟು ಬಂತು,
ಡ್ರಿಲ್ಲು ತಾನಾಗೇ ತಿರುಗಾಕ ಹತ್ತಿತು.
ಮುದುಕ ಎದ್ದು ಅದನ್ನ ಆರಿಸಿದ.
ನಾನಿನ್ನೂ ಐದರಾಗ ಇದ್ದೆ.