ಗುರುವಾರದ ಮಣ್ಣು

ಬೆಳಗ್ಗೆ ಬೀಗ ತೆಗೆದಾಗ
ನೆರಳಲ್ಲಿ ಒಣಗಿ ಸಾಲಾಗಿ ಕೂತಿದ್ದವು
ಮಂಡ್ಯದ ಸುತ್ತಲ ಹೊಲಗಳು,
ಒಂದೊಂದು ಅರ್ಧ ಕೇಜಿ.
ಕೆರಗೋಡಿನ ಕೆಂಪು, ದುದ್ದದ ಮರಳು,
ನಾಲೆಯ ಕೆಳಗಿನ ಗದ್ದೆಯ ಜಿಗುಟು ಕಪ್ಪು.
ಬಟ್ಟೆಚೀಲದ ಕೊರಳಿಗೆ ಚೀಟಿ:
ಹೆಸರು, ಸರ್ವೆ ನಂಬರು, ಮುಂದಿನ ಬೆಳೆ.
ಕೀಲಾರದವರೊಬ್ಬರು ಬೆಳೆಯ ಜಾಗದಲ್ಲಿ
"ಅವ್ವ ಹೇಳಿದ್ದು" ಎಂದಷ್ಟೇ ಬರೆದಿದ್ದರು.

ಮರದ ಕೊಡತಿಯಲ್ಲಿ ಹೆಂಟೆ ಒಡೆದೆ;
ಕಬ್ಬಿಣ ತಾಕಿದರೆ ಮಣ್ಣು ಸುಳ್ಳು ಹೇಳುತ್ತದೆ.
ಜರಡಿ ಹಿಡಿದೆ. ಬೇರು, ಕಲ್ಲು,
ಒಂದು ಹಸಿರು ಬಳೆಚೂರು ಮೇಲೆ ಉಳಿದವು.
ಎಸೆಯುವುದೋ ಬೇಡವೋ ತಿಳಿಯದೆ
ಚೂರನ್ನು ಕಿಟಕಿಯಲ್ಲಿಟ್ಟೆ. ಅಲ್ಲಿ ಆಗಲೇ ಏಳಿವೆ.

ಎರಡು ತಿಂಗಳಿಂದ ಮುನಿಸಿಕೊಂಡಿದ್ದ ಯಂತ್ರ
ಜಬೀನಾ ತಂತಿ ಬದಲಿಸಿ ಒಮ್ಮೆ ಊದಿದ್ದಕ್ಕೆ
ಮಿಣುಕಿ, ತಡವರಿಸಿ, ಏಳರ ಬಳಿ ನಿಂತಿತು.
"ಅಲ್ಲಾಡ್ಬೇಡ, ಉಸಿರೂ ಬಿಡ್ಬೇಡ" ಅಂದಳು.
ಸಂಜೆಯೊಳಗೆ ನಲವತ್ತೊಂದು ಮಾದರಿ.
ಯಾರೂ ಚಪ್ಪಾಳೆ ತಟ್ಟಲಿಲ್ಲ.
ಬೀಕರುಗಳನ್ನು ತೊಳೆದು ಬೋರಲು ಹಾಕಿ
ಕೊನೆಯ ತೊಟ್ಟು ಇಳಿಯುವುದನ್ನು
ನೋಡುತ್ತಾ ನಿಂತೆವು ಸ್ವಲ್ಪ ಹೊತ್ತು, ಸುಮ್ಮನೆ.

ಗೇಟಿನ ಬಳಿ ತಾಯಮ್ಮಣ್ಣಿ, ಮೊಪೆಡ್ ಮೇಲೆ.
ಹಾಸ್ಟೆಲಿನ ನೂರಾ ಹತ್ತು ಹುಡುಗಿಯರ ಸಾರು ಇಳಿಸಿ
ಮುದ್ದೆ ತಿರುವಲು ಜೊತೆಯವಳಿಗೆ ಒಪ್ಪಿಸಿ ಬಂದವಳು,
ಸೆರಗಲ್ಲಿ ಒಗ್ಗರಣೆ ಹಾಗೇ.
ಒಂದನೇ ಕ್ಲಾಸಿನಿಂದ ಜೊತೆ. ಎಂಟಕ್ಕೆ ಅವಳು ಬಿಟ್ಟಳು.
ಅಂದಿನಿಂದ ನಾನು ಓದಿದ್ದನ್ನು ಅವಳಿಗೆ ಹೇಳುವುದು,
ಅವಳು ಬೇಯಿಸಿದ್ದನ್ನು ನಾನು ತಿನ್ನುವುದು;
ಹಳೆಯ ಕರಾರು.
"ಹತ್ತು ಬಿರ್ನೆ. ಮುಂದ್ಲು ಕುರ್ಚಿ ಸಿಕ್ಕಕಿಲ್ಲ ಆಮೇಲೆ."

ಮುಂದಿನ ಕುರ್ಚಿಗಳೆಲ್ಲ ಖಾಲಿ.
ಗ್ರಂಥಾಲಯದ ಮೇಲ್ಮಹಡಿ, ಹತ್ತೊಂಬತ್ತು ಜನ,
ಅದರಲ್ಲಿಬ್ಬರು ಫ್ಯಾನಿಗೆ ಬಂದವರು.
ಮೈಕು ಒಂದೆರಡು ಸಲ ಕೊರಗಿ ಸತ್ತಿತು.
ಲೇಖಕಿ ಎದ್ದು, ಮೇಜು ದಾಟಿ
ನಮ್ಮ ಮೊಣಕಾಲ ಹತ್ತಿರಕ್ಕೇ ಕುರ್ಚಿ ಎಳೆದುಕೊಂಡರು.
ಗದಗಿನ ಕಡೆಯ ಮಾತು. ನಮ್ಮ ಕಿವಿ
ಹೊಂದಿಕೊಳ್ಳಲು ಎರಡು ಪುಟ ಬೇಕಾಯಿತು.

ಓದಿದರು: ಒಂದು ಮದುವೆ ಮನೆ, ಮುನ್ನೂರು ಎಲೆ,
ಉಪ್ಪಿನಿಂದ ಮಜ್ಜಿಗೆಯವರೆಗೆ ಹನ್ನೊಂದು ಪುಟ.
ನಿವೃತ್ತ ಮೇಷ್ಟರೊಬ್ಬರು ಕಣ್ಣು ಮುಚ್ಚಿ ಉಣ್ಣುತ್ತಿದ್ದರು.
"ಪ್ರಶ್ನೆ ಇದ್ರ ಕೇಳ್ರಿ" ಅಂದಾಗ
ಒಬ್ಬರು ಎದ್ದು ತಮ್ಮ ಪಿಎಚ್‌ಡಿಯನ್ನು ಹೇಳಿದರು,
ಪ್ರಶ್ನೆ ಬರಲೇ ಇಲ್ಲ.
ಆಮೇಲೆ ನನ್ನ ಪಕ್ಕದ ಕುರ್ಚಿ ಕಿರುಗುಟ್ಟಿತು.
"ಎಲ್ಲಾ ಚೆಂದಾಗ್ ಬರ್ದಿದ್ದೀರ ಕನವ್ವ.
ಅಡ್ಗೆ ಮಾಡ್ದೋರು ಉಂಡಿದ್ದು ಯಾವಾಗ?"

ಫ್ಯಾನು ತಿರುಗಿತು. ಕೆಳಗೆ ಪೇಟೆಯಲ್ಲಿ
ಯಾರೋ ಶಟರ್ ಎಳೆದರು.
ಲೇಖಕಿ ಪುಟ ಹಿಂದಕ್ಕೆ ತಿರುಗಿಸಿದರು, ಮುಂದಕ್ಕೆ ತಿರುಗಿಸಿದರು,
ಕನ್ನಡಕ ತೆಗೆದರು.
"ಇಲ್ಲ ನೋಡವ್ವಾ, ಬರ್ದಿಲ್ಲ ನಾ.
ಒಲಿ ಆರಿಸೇನಿ, ಪಾತೇಲಿ ತೊಳಿಸೇನಿ,
ಅವ್ರನ್ನ ಉಣ್ಣಾಕ ಕುಂದ್ರಿಸಿಲ್ಲ."
ತಡೆದು ಕೇಳಿದರು, "ನೀ ಯಾವಾಗ ಉಣ್ತಿ?"
"ನಾನಾ? ನಿಂತ್ಕಂಡೇ" ಅಂದಳು,
ಅಂದು ನಕ್ಕಳು. ಇಡೀ ಮಹಡಿ ನಕ್ಕಿತು.
ಅವರು ನಗಲಿಲ್ಲ, ಪುಟದ ಅಂಚಿಗೆ ಏನೋ ಗೀಚಿಕೊಂಡರು.

ಸಹಿ ಹಾಕುವಾಗ ಅವರ ಪೆನ್ನು ನಿಂತಿತು.
ನನ್ನ ಚೀಲದಲ್ಲಿದ್ದುದು ಮಣ್ಣಿನ ಚೀಟಿ ಬರೆಯುವ ಪೆನ್ನು,
ನೀರಿಗೆ ಅಳಿಯದ್ದು, ಆಮ್ಲಕ್ಕೂ.
"ತಾಯಮ್ಮಣ್ಣಿಗೆ" ಎಂದು ಬರೆದರು,
ಕೆಳಗೆ, "ಕುಂತು ಉಣ್ಣು."
ಹಾಳೆಯ ಆ ಬದಿಗೂ ಇಳಿಯಿತು ಶಾಯಿ.

ಎಂಟೂವರೆ. ಗಾಡಿಯಂಗಡಿಯ ಬೆಂಚು, ತಟ್ಟೆ ಇಡ್ಲಿ.
ನನ್ನ ಉಗುರಿನ ಸಂದಿಯಲ್ಲಿ ಕೀಲಾರ ಇನ್ನೂ ಇತ್ತು.
ನಾನು ಕೂತೆ. ಅವಳು ಎಂದಿನಂತೆ ತಟ್ಟೆ ಹಿಡಿದು ನಿಂತಳು,
ಅರ್ಧ ತಿಂದಳು, ನನ್ನ ಮುಖ ನೋಡಿದಳು.
"ವಸಿ ಅತ್ಲಾಗ್ ಸರ್ಕೊ ಕನಮ್ಮಿ."
ಸರಿದೆ.
ಚಟ್ನಿಗೆ ಉಪ್ಪು ಕಮ್ಮಿ ಎಂದು ದೂರುತ್ತಲೇ
ಇನ್ನೊಂದು ತಟ್ಟೆ ಹೇಳಿದಳು.