ಅತಿಯಾಯ್ತು

ಸೊಣ್ಣಪ್ಪ ಮೇಷ್ಟ್ರು ನನ್ನ ಕತೆ ವಾಪಸು ಕಳಿಸಿದರು.
ಅಂಚಿನ ತುಂಬ ಕೆಂಪು ಪೆನ್ಸಿಲ್ಲು,
ಟೊಮೆಟೊ ಮಂಡಿಯ ಲೆಕ್ಕದ ಚೀಟಿಯ ಹಾಗೆ.

ಚಾಂಪಿಯನ್ ರೀಫಿನಡಿ, ಏಳೂವರೆ ಸಾವಿರ ಅಡಿ ಆಳದಲ್ಲಿ
ಬಂಡೆ ಮುಟ್ಟಿದರೆ ಅಂಗೈ ಚುರ್ರೆನ್ನುತ್ತದೆ, ಅಂತ ಬರೆದಿದ್ದೆ.
ಪಕ್ಕದಲ್ಲಿ: ಅತಿಯಾಯ್ತು.
ಅಲ್ಲೇ ಕತ್ತಲಲ್ಲಿ ಕಬ್ಬಿಣ ಪೇರಿಸಿ, ನಿಯಾನ್ ಕೊಳವೆ ಜೋಡಿಸಿ
ವಿಜ್ಞಾನಿಗಳು ಕಾದು ಕೂತಿದ್ದರು,
ಭೂಮಿಯನ್ನೇ ಸೊಳ್ಳೆಪರದೆಯಂತೆ ತೂರಿ ಬರುವ ಕಣ
ವರ್ಷಕ್ಕೊಂದು ಸಲವಾದರೂ ಎಡವೀತೆಂದು.
ಅತಿಯಾಯ್ತು. ಈ ಸಲ ಅಡಿಗೆರೆ ಎರಡು.
ಬೆಂಗಳೂರಿಗಿಂತ ಮೊದಲೇ ಇಲ್ಲಿ ಕರೆಂಟು ಬಂದಿತ್ತು.
ಪ್ರಶ್ನೆಯ ಚಿಹ್ನೆ, ಕುಡುಗೋಲಿನಷ್ಟು ದೊಡ್ಡದು.

ಇನ್ನು ನಾನೇ ಕಟ್ಟಿದ್ದು ಒಂದೇ ಒಂದು.
ಬಂಗಾರಪೇಟೆ ಕಾಲೇಜಿನ ಲ್ಯಾಬಿನಲ್ಲಿ ಬೀಕರು ತೊಳೆಯುತ್ತ
ಸೋಪಿನ ನೊರೆಯಷ್ಟೇ ಆಧಾರದ ಮೇಲೆ:
ಅಷ್ಟು ಆಳದ ಒತ್ತಡದಲ್ಲಿ ಬೆಣಚುಕಲ್ಲು ಸದ್ದನ್ನು ಹಿಡಿದಿಡುತ್ತದೆ.
ಮದ್ದಿಟ್ಟು ಸಿಡಿಸಿದರೆ
ಇಪ್ಪತ್ತು ವರ್ಷ ಹಿಂದಿನ ಪಾಳಿಯ ಮಾತು
ಹೊಗೆಯ ಜೊತೆ ಹೊರಗೆ ಬರುತ್ತದೆ.
ಒಬ್ಬನಿಗೆ ಸತ್ತ ಅಪ್ಪನ ಕೆಮ್ಮು ಕೇಳುತ್ತದೆ.
(ಸಾಲು ಮೋಟಾಯಿತಲ್ಲ ಅಂತ ಕೆಮ್ಮು ಸೇರಿಸಿದ್ದು.)
ಪಕ್ಕದಲ್ಲಿ ಸರಿ ಗುರುತು.
'ನಂಬುವಂತಿದೆ. ಇಂಥ ವಿಜ್ಞಾನ ಇನ್ನಷ್ಟು ಬರಲಿ.'

ಇನ್ನಷ್ಟು ಎಲ್ಲಿಂದ ತರಲಿ ಮೇಷ್ಟ್ರೇ?
ನಿಜವನ್ನು ನಾನು ಪುಕ್ಕಟೆ ಹೆಕ್ಕಿದ್ದೆ,
ಊರಗಾಂ ಸ್ಟೇಷನ್ನಿನ ಬೆಂಚಿನ ಮೇಲೆ ಕೂತ ಮುದುಕರಿಂದ.
ಸುಳ್ಳಿಗೆ ಮೂರು ರಾತ್ರಿ ಹಿಡಿಯಿತು,
ಒತ್ತಡದ ಲೆಕ್ಕವನ್ನು ಎರಡು ಸಲ ಹಾಕಿದೆ.
ಸುಳ್ಳು ಹೇಳುವವಳು ಇಸ್ತ್ರಿ ಮಾಡಿದ ಸೀರೆ ಉಡಬೇಕು,
ನಿಜಕ್ಕೇನು, ನೈಟಿಯಲ್ಲೇ ಬೀದಿಗೆ ಬರುತ್ತದೆ.

ಕತೆ ಅಚ್ಚಾಯಿತು. ಬೊಬ್ಬೆಯಂಥ ಬಂಡೆ ಹೋಯಿತು,
ನಿಯಾನು ಹೋಯಿತು, ಕರೆಂಟು ಹೋಯಿತು,
ಮಾತಾಡುವ ಕಲ್ಲು ಉಳಿಯಿತು.
ಒಂದು ಪ್ರತಿ ಪೊನ್ನುರಂಗಂ ಅವರಿಗೆ ಕೊಟ್ಟೆ.
ಮೂವತ್ತೊಂದು ವರ್ಷ ಕೇಜಿನಲ್ಲಿ ಇಳಿದು ಹತ್ತಿದವರು,
ಎಡಗೈಲಿ ಮೂರೇ ಬೆರಳು.
ಕನ್ನಡ ಆಡುತ್ತಾರೆ, ಓದಲು ಬಾರದು.
ಅಟ್ಟೆಯ ಮೇಲಿದ್ದ ಟಾರ್ಚಿನ ಚಿತ್ರ ನೋಡಿ
'ನಾವು ತಲೆಗೆ ಕಟ್ಟುತ್ತಿದ್ದೆವು, ಕೈಲಿ ಹಿಡಿಯುತ್ತಿರಲಿಲ್ಲ' ಅಂದರು, ಅಷ್ಟೆ.

ವರ್ಷ ಕಳೆದ ಮೇಲೆ ರಾಬರ್ಟ್‌ಸನ್‌ಪೇಟೆ.
ಸೈನೈಡ್ ದಿಬ್ಬದ ಧೂಳು ಗಾಳಿಗೆದ್ದು
ಕ್ಷೌರದಂಗಡಿಯ ಕನ್ನಡಿಯ ಮೇಲೆಲ್ಲ ಕೂತಿತ್ತು.
ತಮ್ಮನನ್ನು ಕರೆಯಲು ಹೋದವಳು ಬಾಗಿಲಲ್ಲೇ ನಿಂತೆ.
ಅರ್ಧ ಗಡ್ಡ ಹೆರೆಸಿಕೊಂಡ ಪೊನ್ನುರಂಗಂ
ನಾಲ್ಕು ಜನರಿಗೆ ಹೇಳುತ್ತಿದ್ದರು:
ಎಪ್ಪತ್ತೆರಡರಲ್ಲಿ, ರಾತ್ರಿ ಪಾಳಿ, ಮದ್ದು ಸಿಡಿಯಿತು,
ಹೊಗೆ ಇಳಿಯುವ ಮೊದಲು ಅಪ್ಪ ಕೆಮ್ಮಿದರು.
ಬಂಡೆ ಸಿಡಿದು ಅಪ್ಪ ಹೋಗಿ ಆಗಲೇ ಹದಿನಾರು ವರ್ಷ.

ಅದು ನಂದು, ಅನ್ನಬೇಕೆನಿಸಿತು.
ಕಳ್ಳತನವಾದವರ ಹಾಗೆ ಬಾಯಿ ತೆರೆದೆ.
ಮೊಮ್ಮಗಳು ಓದಿ ಹೇಳಿರಬೇಕು, ಅಷ್ಟೇ ತಾನೆ?
ಮುದುಕರಿಗೆ ಕೇಳಿದ್ದೂ ಕಂಡದ್ದೂ ಕಲಸಿಹೋಗುತ್ತದೆ.
ನನಗೂ ಹೋಗುತ್ತದೆ. ಆ ಸೋಪಿನ ನೊರೆಯ ಮಧ್ಯಾಹ್ನ
ನಿಜಕ್ಕೂ ನಾನೇ ಕಟ್ಟಿದ್ದೇ,
ಊರಗಾಂ ಬೆಂಚಿನಲ್ಲಿ ಯಾರಾದರೂ ಅಂದದ್ದೇ?

ಆ ಬಾವಿಗಳಲ್ಲಿ ಈಗ ನೀರು.
ಕಣಗಳು ಮಾತ್ರ ನೀರನ್ನೂ ತೂರುತ್ತಿವೆ,
ಕನ್ನಡಿಯನ್ನೂ, ಸೊಣ್ಣಪ್ಪ ಮೇಷ್ಟ್ರ ಪೆನ್ಸಿಲ್ಲನ್ನೂ,
ಸೆಕೆಂಡಿಗೆ ಆರು ಸಾವಿರ ಕೋಟಿ, ಒಂದು ಉಗುರಿನಗಲಕ್ಕೆ.
ಬೇಕಾದರೆ ಅಂಚಿನಲ್ಲಿ ಬರೆದುಕೊಳ್ಳಿ.

'ಹೆಂಗೆ ಕೆಮ್ಮಿದರು?' ಕ್ಷೌರಿಕ ಕೇಳಿದ.
ಪೊನ್ನುರಂಗಂ ಟವೆಲ್ಲು ಸರಿಸಿ, ಕಣ್ಣು ಮುಚ್ಚಿ
ಕೆಮ್ಮಿ ತೋರಿಸಿದರು.
ಎರಡು ಮೋಟು. ಸ್ವಲ್ಪ ಬಿಟ್ಟು ಒಂದು ಉದ್ದ,
ಕೊನೆಯಲ್ಲಿ ಏನೋ ಕರೆದಂತೆ.

ನಾನು ಬರೆದಿದ್ದು ಕೆಮ್ಮು ಅಂತ ಅಷ್ಟೆ.