ತುಳುಕದ ನೀರು

ಇನ್ವರ್‌ಕಾರ್ಗಿಲ್ ಊರಿನ ಆಕಾಶ ಜಿಪುಣ.
ವಾರದಲ್ಲಿ ಐದು ರಾತ್ರಿ ಮೋಡ,
ಆರನೆಯದು ಗಾಳಿ.
ಉಳಿದ ಒಂದು ರಾತ್ರಿ ವೆಲ್ತಾ ಬೇಲಿಯ ಹಲಗೆ ಬಡಿಯುತ್ತಿದ್ದಳು,
ಸೌಟಿನಿಂದ, ಮೂರು ಸಲ.
ನಾನು ಬೂಟಿಗೆ ಕಾಲು ತುರುಕಿ ಓಡುತ್ತಿದ್ದೆ,
ಲೇಸು ಕಟ್ಟದೆ.

ಹಿತ್ತಿಲೆಂದರೆ ಇಷ್ಟೇ:
ಬಟ್ಟೆ ಒಣಗಿಸುವ ತಿರುಗುಕಂಬ, ಎಲೆಕೋಸಿನ ಎರಡು ಸಾಲು,
ಕೋಳಿಗಳಿಲ್ಲದ ಕೋಳಿಗೂಡು.
ನಡುವೆ ಮುಕ್ಕಾಲಿಯ ಮೇಲೆ ಅವಳ ದುರ್ಬೀನು.
ಚರ್ಚಿನ ಹಳೆಸಾಮಾನಿನ ರಾಶಿಯಲ್ಲಿ
ಹದಿನೈದು ಡಾಲರಿಗೆ ಸಿಕ್ಕದ್ದು.
ಗಾಜು ಬಿಸ್ಕತ್ತಿನಗಲ.
ಮುರಿದ ಒಂದು ಕಾಲನ್ನು ಹಳೆಯ ಕಾಲುಚೀಲದಿಂದ ಬಿಗಿದಿದ್ದಳು.
ಕೆಮ್ಮಿದರೂ ಸಾಕು, ಶನಿ ಬಳೆ ಸಮೇತ ಕುಣಿಯುತ್ತಿದ್ದ.
"ಉಸಿರು ಹಿಡಿ," ಅನ್ನುತ್ತಿದ್ದಳು, "ಅವನಿಗೆ ನಾಚಿಕೆ ಜಾಸ್ತಿ."

ಚಂದ್ರನನ್ನು ಮಾತ್ರ ಮೊದಲು ತಾನೇ ನೋಡುವಳು.
ನನ್ನ ಸರದಿ ಬರುವಷ್ಟರಲ್ಲಿ
ಅವನು ಅರ್ಧ ಅಂಚು ದಾಟಿರುತ್ತಿದ್ದ.

ಅದರೊಳಗೆ ಎಲ್ಲ ತಲೆಕೆಳಗು.
ಪಕ್ಕದ ಬೀದಿಯ ಚಿಮಣಿ ಮೇಲಿನಿಂದ ಜೋತುಬಿದ್ದು
ಹೊಗೆ ಕೆಳಕ್ಕೆ ಸುರಿಯುತ್ತಿತ್ತು.
ಪಾಪ, ಹಳೆಯದು, ಕೆಟ್ಟಿದೆ ಎಂದುಕೊಂಡೆ.
ಹನ್ನೊಂದು ವಾರ ಪೇಪರು ಹಾಕಿದ ದುಡ್ಡಿನಲ್ಲಿ
ಒಂದು ಓರೆಗನ್ನಡಿ ತರಿಸಿದೆ, ಕೊಳವೆಯ ಬುಡಕ್ಕೆ ಸಿಕ್ಕಿಸುವಂಥದು:
ಮೇಲಿನದು ಮೇಲೆ, ಕೆಳಗಿನದು ಕೆಳಗೆ.
ಅವಳ ಹುಟ್ಟುಹಬ್ಬಕ್ಕೆ ಕೊಟ್ಟೆ.

ನೋಡಿದಳು. ತುಸು ಹೊತ್ತು.
ಕಳಚಿ, ಕರವಸ್ತ್ರದಲ್ಲಿ ಸುತ್ತಿ
ನನ್ನ ಜೇಬಿಗೇ ಹಾಕಿದಳು.
"ರಾವಿರಿ, ನಿನ್ನ ಚಂದ್ರನಲ್ಲಿ ಯಾರಿದ್ದಾರೆ?"

"ರೋನಾ," ಅಂದೆ. "ರಾತ್ರಿ ನೀರಿಗೆ ಹೊರಟಿದ್ದಳು.
ಮೋಡ ಬಂತು, ಬೇರಿಗೆ ಎಡವಿದಳು, ಚಂದ್ರನಿಗೆ ಬೈದಳು.
ಅವನು ಎತ್ತಿಕೊಂಡು ಹೋದ,
ಸೋರೆಬುರುಡೆ ಸಮೇತ, ತಬ್ಬಿದ್ದ ಮರದ ಸಮೇತ.
ನಮ್ಮಜ್ಜಿ ಹೇಳಿದ್ದು."

ವೆಲ್ತಾ ನಕ್ಕಳು, ಸೌಟು ಇನ್ನೂ ಕೈಯಲ್ಲೇ ಇತ್ತು.
"ನಮ್ಮ ಲಾಟ್ವಿಯಾದಲ್ಲೂ ಒಬ್ಬಳಿದ್ದಾಳೆ.
ಹೆಗಲ ಮೇಲೆ ಅಡ್ಡೆ, ಆಚೆಗೊಂದು ಈಚೆಗೊಂದು ಬಕೆಟ್ಟು.
ಅವಳೂ ನೀರಿಗೆ ಹೋದವಳೇ. ಅವಳ ಬಾಯೂ ಸುಮ್ಮನಿರಲಿಲ್ಲ.
ನಾನು ಹಡಗು ಹತ್ತಿದಾಗ ಒಂಬತ್ತು ವರ್ಷ.
ಸಮಭಾಜಕ ದಾಟಿದ ಮೇಲೆ ಒಂದು ರಾತ್ರಿ
ಡೆಕ್ಕಿನಿಂದ ನೋಡುತ್ತೇನೆ,
ಹುಡುಗಿ ತಲೆಕೆಳಗಾಗಿದ್ದಾಳೆ!
ಅಮ್ಮನಿಗೆ ಹೇಳಿದರೆ, ಮಲಗು ಅಂದಳು.
ಅರವತ್ತೆರಡು ವರ್ಷ ಅವಳ ನೀರು ಚೆಲ್ಲುತ್ತಲೇ ಇತ್ತು, ಮಗು,
ಈ ಕೊಳವೆ ಸಿಗುವವರೆಗೆ."

ಅವತ್ತು ಮೊದಲ ಸರದಿ ನನಗೆ ಬಿಟ್ಟಳು.
ಉಸಿರು ಹಿಡಿದು ನೋಡಿದೆ.
ಹುಡುಗಿ ನೆಟ್ಟಗೆ ನಿಂತಿದ್ದಳು,
ಬಕೆಟ್ಟು ತುಂಬಿತ್ತು, ತುಳುಕಿರಲಿಲ್ಲ.
ನನ್ನ ರೋನಾ ಮಾತ್ರ
ಮರ ಹಿಡಿದು ಬಾವಲಿಯಂತೆ ನೇತಾಡುತ್ತಿದ್ದಳು.
ಅದನ್ನು ಹೇಳಲಿಲ್ಲ.

ದುರ್ಬೀನು ಈಗ ನನ್ನ ಶೆಡ್ಡಿನಲ್ಲಿದೆ.
ಕಾಲುಚೀಲದ ಗಂಟು ಬಿಚ್ಚಿಲ್ಲ.
ಹುಣ್ಣಿಮೆಗೆ ಎರಡು ಸಲ ನೋಡುತ್ತೇನೆ,
ಕನ್ನಡಿ ಹಾಕದೆ ಒಮ್ಮೆ, ಹಾಕಿ ಒಮ್ಮೆ.
ಒಬ್ಬಳದು ನಿಂತರೆ ಒಬ್ಬಳದು ಚೆಲ್ಲುತ್ತದೆ.
ಕನ್ನಡಿ ಬದಲಿಸುವಷ್ಟರಲ್ಲಿ ಎಷ್ಟೋ ಸಲ
ಮೋಡ ಬಂದುಬಿಡುತ್ತದೆ.
ಬೈಯುವುದಿಲ್ಲ.